ಪೈಪ್ ನೋಡಿದವರು ಕೇಳಿದ್ದೇ ಬೇರೆ: ದತ್ತು ಮಗಳಿಗೆ ಹೊರಗೆ ಹಾಲೂಡಿಸಿದ ಒಂದು ಪ್ರಕರಣ

ಈ ತಾಯಿಗೆ ಆಗ 36 ವರ್ಷ. ಮೈಸೂರು ಕಡೆಯವರು, ಖಾಸಗಿ ಶಾಲೆಯಲ್ಲಿ ಗಣಿತ ಟೀಚರ್. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವರೇ ಓದಿ ಒಪ್ಪಿದ್ದಾರೆ. ಮದುವೆಯಾಗಿ ಹತ್ತು ವರ್ಷ ಕಳೆದಿತ್ತು, ಒಂದು ಸಲವೂ ಗರ್ಭ ನಿಂತಿರಲಿಲ್ಲ. ಕೇಂದ್ರದ ದತ್ತು ಪ್ರಾಧಿಕಾರ, ಅಂದರೆ ಎಲ್ಲರೂ ಕಾರಾ ಅನ್ನುತ್ತಾರಲ್ಲ, ಅದರ ಪೋರ್ಟಲ್‌ನಲ್ಲಿ ಹೆಸರು ಬರೆಸಿ ಮೂರು ವರ್ಷದ ಮೇಲೆ ಕಾದಿದ್ದರು. 2023ರಲ್ಲಿ ಸರದಿ ಬಂತು. ಹೆಣ್ಣು ಮಗು, ಮೂರು ತಿಂಗಳು ತುಂಬಿದೆ. 48 ಗಂಟೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಹೂಂ ಅಂದರು. ಆ ವಾರವೇ ನನ್ನ ಹತ್ತಿರ ಬಂದು ಕೇಳಿದರು: "ಮೇಡಂ, ನಾನು ಎದೆ ಕೊಡಬಹುದಾ?"

ನಾನು ಹಾಲೂಡಿಕೆ ಸಲಹೆಗಾರ್ತಿ. ದಿನಾ ನೋಡುವುದು ಹೆತ್ತ ತಾಯಂದಿರನ್ನೇ. ಆದರೆ ಹೆರದವರಿಗೂ ಹಾಲು ಬರಿಸಬಹುದು. ಹಾಲು ತಯಾರು ಮಾಡಿಸುವುದು ಪ್ರೊಲ್ಯಾಕ್ಟಿನ್, ಅದನ್ನು ಹೊರಗೆ ತಳ್ಳುವುದು ಆಕ್ಸಿಟೋಸಿನ್. ಎರಡೂ ಹಾರ್ಮೋನು ಎದೆ ಚೀಪಿದಾಗ ಬರುತ್ತವೆ, ಗರ್ಭಕೋಶವನ್ನು ಕೇಳಿಕೊಂಡು ಬರುವುದಿಲ್ಲ. ಬಸಿರಿನ ತಿಂಗಳುಗಳಲ್ಲಿ ಎದೆಯೊಳಗೆ ನಡೆಯುವ ತಯಾರಿ ಇಲ್ಲದ್ದರಿಂದ ಹಾಲು ಕಮ್ಮಿ, ನಿಧಾನ, ಅಷ್ಟೇ. ಕೆನಡಾದ ಮಕ್ಕಳ ವೈದ್ಯ ಜಾಕ್ ನ್ಯೂಮನ್ ಮತ್ತು ಲೆನೋರ್ ಗೋಲ್ಡ್‌ಫಾರ್ಬ್ ಅವರ ಹೆಸರಿನಲ್ಲಿ ಒಂದು ಕ್ರಮವಿದೆ. ಮೊದಲು ಕೆಲವು ತಿಂಗಳು ಗರ್ಭನಿರೋಧಕ ಮಾತ್ರೆ ಮತ್ತು ಹಾಲು ಹೆಚ್ಚಿಸಲು ಡೊಂಪೆರಿಡೋನ್ ಅನ್ನುವ ಔಷಧ, ಆಮೇಲೆ ಎದೆಹಾಲು ಹಿಂಡುವ ಪಂಪ್. ಮಗು ಯಾವಾಗ ಬರುತ್ತದೆ ಎಂದು ಮೊದಲೇ ಗೊತ್ತಿರುವವರಿಗೆ ಅದು ಸರಿ. ಕಾರಾ ಸರದಿಯಲ್ಲಿ ಕೂತವರಿಗೆ ಎಲ್ಲಿಯ ತಿಂಗಳು? ಮೆಸೇಜ್ ಬಂದ ಮೇಲೆ ಕೈಯಲ್ಲಿ ಉಳಿಯುವುದು ಕೆಲವೇ ವಾರ.

ಇವರು ಪಂಪ್ ಶುರು ಮಾಡಿದ್ದು ಆಗಲೇ, ದಿನಕ್ಕೆ ಎಂಟು ಸಲದಂತೆ. ಡೊಂಪೆರಿಡೋನ್ ಬಗ್ಗೆ ನಾನು ಅವಸರ ಮಾಡುವುದಿಲ್ಲ. ನಮ್ಮಲ್ಲಿ ವಾಂತಿಗೆ ಕೊಡುವ ಸಾಧಾರಣ ಮಾತ್ರೆ ಅದು, ನಿಜ. ಆದರೆ ಹೃದಯದ ಬಡಿತದ ಲಯ ಕೆಡಿಸಬಹುದು ಅನ್ನುವ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ, ಹಾಲು ಹೆಚ್ಚಿಸಲು ಇದನ್ನು ಬಳಸಬೇಡಿ ಎಂದು ಎಚ್ಚರಿಸಿತ್ತು. ಇವರ ಸ್ತ್ರೀರೋಗ ತಜ್ಞೆ ಇಸಿಜಿ ಮಾಡಿಸಿ, ನೋಡಿ, ಕೆಲವು ವಾರಕ್ಕೆ ಮಾತ್ರ ಬರೆದುಕೊಟ್ಟರು. ಮಗು ಮನೆಗೆ ಬರುವ ಹೊತ್ತಿಗೆ ಪಂಪಿನ ತಳ ಒದ್ದೆಯಾಗುವಷ್ಟು ಹಾಲು. ಮುಂದೆ ಎಷ್ಟೇ ಮಾಡಿದರೂ ದಿನಕ್ಕೆ 100 ಮಿ.ಲೀ. ಆಚೀಚೆ ನಿಂತಿತು. ಐದೂವರೆ ಕೆ.ಜಿ. ತೂಗುವ ಮಗುವಿಗೆ ದಿನಕ್ಕೆ 800 ಮಿ.ಲೀ. ಮೇಲೆ ಬೇಕು. ಉಳಿದದ್ದು ಪೌಡರ್ ಹಾಲಿನಿಂದಲೇ ಆಗಬೇಕು, ಬೇರೆ ದಾರಿ ಇಲ್ಲ. ಎದೆಹಾಲಿನ ಬ್ಯಾಂಕುಗಳ ಹಾಲು ಹೋಗುವುದು ದಿನ ತುಂಬದೆ ಹುಟ್ಟಿ ಐಸಿಯುನಲ್ಲಿರುವ ಕೂಸುಗಳಿಗೆ. ಅದು ಹಾಗೆಯೇ ಇರಬೇಕಾದ್ದು.

ಇದನ್ನು ಅವರಿಗೆ ಮೊದಲ ಭೇಟಿಯಲ್ಲೇ ಹೇಳಿದ್ದೆ. 240 ಸಾಕು ತಾಯಂದಿರನ್ನು ಕುರಿತ ಒಂದು ಹಳೇ ಅಮೆರಿಕನ್ ಅಧ್ಯಯನವಿದೆ, 1981ರದ್ದು. ಅದರಲ್ಲೂ ಹೆಚ್ಚಿನವರು ಹೊರಗಿನ ಹಾಲು ಸೇರಿಸಿಯೇ ಕುಡಿಸಿದ್ದರು. ಲೆಕ್ಕದ ಟೀಚರ್‌ಗೆ ಲೆಕ್ಕ ಬೇಗ ಅರ್ಥವಾಯಿತು. "ಎಂಟರಲ್ಲಿ ಒಂದು ಭಾಗ ನಂದು, ಏಳು ಡಬ್ಬಿದು. ಸರಿ, ಆದ್ರೆ ಎಂಟೂ ನನ್ನ ಎದೆ ಹತ್ರಾನೇ ಕುಡೀಲಿ" ಅಂದರು.

ಅದಕ್ಕೇ ಒಂದು ಸಾಧನವಿದೆ. ಉಪಾಯ ತುಂಬಾ ಸರಳ. ಒಂದು ಪಾತ್ರೆಯಲ್ಲಿ ಹಾಲು, ಅದರಿಂದ ಒಂದು ಸಣ್ಣ ಟ್ಯೂಬ್, ಟ್ಯೂಬಿನ ತುದಿ ಮೊಲೆತೊಟ್ಟಿನ ಪಕ್ಕ. ಮಗು ಎದೆ ಚೀಪುತ್ತದೆ, ಎದೆಯ ಹಾಲೂ ಟ್ಯೂಬಿನ ಹಾಲೂ ಒಟ್ಟಿಗೆ ಬಾಯಿಗೆ ಬರುತ್ತವೆ. ಚೀಪಿದಷ್ಟೂ ಎದೆಗೆ 'ಇನ್ನೂ ಬೇಕು' ಅನ್ನುವ ಸೂಚನೆ ಹೋಗುತ್ತದೆ. ಅಮೆರಿಕದ ಏವರಿ ದಂಪತಿ 1970ರ ಆಸುಪಾಸಿನಲ್ಲಿ ಇಂಥದ್ದೊಂದನ್ನು ಮಾಡಿಕೊಂಡದ್ದೂ ದತ್ತು ಮಗುವಿಗಾಗಿಯೇ. ಈಗ ಕಂಪನಿಯವರು ಮಾಡಿದ, ಕೊರಳಿಗೆ ನೇತುಹಾಕುವ ಬಾಟಲಿಗಳು ಸಿಗುತ್ತವೆ, ಬೆಲೆ ಜಾಸ್ತಿ. ನಮ್ಮ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ತೀರಾ ಸೊರಗಿದ ಸಣ್ಣ ಕೂಸುಗಳಿಗೆ ಇದೇ ಕೆಲಸವನ್ನು ಒಂದು ಬಟ್ಟಲು, ಒಂದು ಫೀಡಿಂಗ್ ಟ್ಯೂಬಿನಲ್ಲಿ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲೂ ಇದೆ. ನಾವು ಹಿಡಿದದ್ದು ಈ ದಾರಿ.

ಮೊದಲ ಕೆಲವು ದಿನ ಮಗು ಎದೆ ಕಂಡರೆ ಮುಖ ತಿರುಗಿಸುತ್ತಿತ್ತು. ಸಹಜ. ಶಿಶುಗೃಹದಲ್ಲಿ ಮೂರು ತಿಂಗಳು ಬಾಟಲಿ ಕುಡಿದ ಮಗು. ಎರಡು ತಿಂಗಳೊಳಗಿನ ಕೂಸುಗಳು ಸುಲಭವಾಗಿ ಒಪ್ಪುತ್ತವೆ, ಆಮೇಲೆ ಕಷ್ಟ. ಆದರೆ ಹೆತ್ತವರು ತಾವಾಗಿ ಒಪ್ಪಿಸಿದ ಮಗುವಾದರೆ, ಮನಸ್ಸು ಬದಲಿಸಲು ಅವರಿಗೆ ಕಾನೂನೇ 60 ದಿನ ಕೊಡುತ್ತದೆ. ಅದು ಮುಗಿಯದೆ ಮಗು ಯಾರ ಮನೆಗೂ ಬರುವ ಹಾಗಿಲ್ಲ. ಹಾಗಾಗಿ ಆ ಸುಲಭದ ಎರಡು ತಿಂಗಳು ನಮ್ಮ ಸಾಕು ತಾಯಂದಿರಿಗೆ ಸಿಗುವುದೇ ಇಲ್ಲ. ಇದೇ ಲೆಕ್ಕದಿಂದ ಇನ್ನೊಂದು ಪೆಟ್ಟೂ ಬಿತ್ತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೂರು ತಿಂಗಳೊಳಗಿನ ಮಗುವನ್ನು ದತ್ತು ತೆಗೆದುಕೊಂಡವರಿಗೆ 12 ವಾರ ಹೆರಿಗೆ ರಜೆ ಕೊಟ್ಟಿತ್ತು. ಇವರ ಮಗುವಿಗೆ ಮೂರು ದಾಟಿತ್ತು. ಸಂಬಳವಿಲ್ಲದ ರಜೆ ಹಾಕಿ ಕೂತರು.

ಎದೆಗೆ ಒಗ್ಗಿಸಿದ್ದು ಅರೆನಿದ್ದೆಯಲ್ಲಿ, ಮೈಗೆ ಮೈ ತಾಗಿಸಿಕೊಂಡು, ಸ್ನಾನವಾದ ಮೇಲಿನ ಮಂಪರಿನಲ್ಲಿ. ತೊಟ್ಟಿನ ಮೇಲೆ ಸಿರಿಂಜಿನಿಂದ ಹನಿ ಹನಿ ಹಾಲು ಬಿಟ್ಟು. ಒಂದು ಮಧ್ಯಾಹ್ನ ಬಾಯಿ ಅಗಲಿಸಿ ಹಿಡಿಯಿತು. ಅದರ ವಿವರ ಇಲ್ಲಿ ಬೇಡ. ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಮನೆಯ ಹೊಸಿಲು ದಾಟಿದ ಮೇಲಿನ ಕತೆ.

ಲಾಡಿ ಕಟ್ಟಿದ ಬಾಟಲಿ

ಮನೆಯಲ್ಲಿ ಸ್ಟೀಲ್ ಬಟ್ಟಲು ಸಾಕಾಗಿತ್ತು. ಗಂಡ ಪಕ್ಕದಲ್ಲಿ ಕೂತು ಹಿಡಿದುಕೊಳ್ಳುತ್ತಿದ್ದರು. ಬಟ್ಟಲು ತೊಟ್ಟಿಗಿಂತ ಕೆಳಗಿರಬೇಕು. ಮೇಲಕ್ಕೆತ್ತಿದರೆ ಹಾಲು ತಾನಾಗಿ ಹರಿದು ಬರುತ್ತದೆ, ಮಗು ಚೀಪದೆ ಸುಮ್ನೆ ನುಂಗುತ್ತದೆ, ಕೆಮ್ಮುತ್ತದೆ. ಕೆಳಗಿದ್ದರೆ ಎಳೆದಷ್ಟೇ ಹಾಲು. ಬಸ್ಸಿನಲ್ಲಿ, ಆಸ್ಪತ್ರೆ ಬೆಂಚಿನ ಮೇಲೆ ಬಟ್ಟಲು ಹಿಡಿದು ಕೂರಲಾಗುತ್ತದಾ?

ಅವರೇ ಒಂದು ಜೋಡಣೆ ಮಾಡಿಕೊಂಡರು. ಅಗಲ ಬಾಯಿಯ ಒಂದು ಸಣ್ಣ ಬಾಟಲಿ. ಅದರ ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ತೂತು, ಅದರೊಳಗೆ 6ನೇ ನಂಬರಿನ ಫೀಡಿಂಗ್ ಟ್ಯೂಬ್, ತಳ ಮುಟ್ಟುವ ಹಾಗೆ. ಬಾಟಲಿಯ ಕುತ್ತಿಗೆಗೆ ಲಂಗದ ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಂಡರೆ ಬಾಟಲಿ ಸೊಂಟದ ಹತ್ತಿರ ಸೆರಗಿನೊಳಗೆ ಕೂರುತ್ತದೆ. ಮೊದಲ ದಿನ ಇದು ಕೈಕೊಟ್ಟಿತು. ಮಗು ನಾಲ್ಕು ಗುಟುಕು ಎಳೆಯಿತು, ಹಾಲು ನಿಂತಿತು, ಮಗು ರೇಗಿ ತಲೆ ಹಿಂದಕ್ಕೆಳೆಯಿತು, ಟ್ಯೂಬನ್ನು ಎದೆಗೆ ಅಂಟಿಸಿದ್ದ ಪ್ಲಾಸ್ಟರ್ ಕಿತ್ತು ಬಂತು. ನೋಡಿದರೆ ಬಾಟಲಿಯೊಳಗೆ ಗಾಳಿ ಹೋಗಲು ದಾರಿಯೇ ಇರಲಿಲ್ಲ. ಮುಚ್ಚಳಕ್ಕೆ ಇನ್ನೊಂದು ತೂತು ಹಾಕಿದ್ದೇ ತಡ, ಸರಿಹೋಯಿತು. 5ನೇ ನಂಬರಿನ ಟ್ಯೂಬಿನಲ್ಲಿ ಪೌಡರ್ ಹಾಲಿನ ಗಂಟು ಸಿಕ್ಕಿಕೊಳ್ಳುತ್ತಿತ್ತು, ಅದಕ್ಕೇ 6.

ಟ್ಯೂಬನ್ನು ಮೈಮೇಲೆ ಯಾವ ಕಡೆಯಿಂದ ಎದೆಗೆ ತರಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ನಾಲ್ಕು ತಿಂಗಳ ಮಗುವಿನ ಕೈ ಸುಮ್ಮನಿರುವುದಿಲ್ಲ. ಎದೆಯ ಮುಂದೆ ಟ್ಯೂಬ್ ಕಂಡರೆ ಹಿಡಿದು ಎಳೆಯುತ್ತದೆ. ಹಾಗಾಗಿ ಬೆನ್ನ ಕಡೆಯಿಂದ ಭುಜದ ಮೇಲೆ ತಂದು, ರವಿಕೆಯ ಮೇಲಂಚಿನಿಂದ ಒಳಗೆ ಬಿಟ್ಟು, ಮಗುವಿನ ಮೇಲ್ದುಟಿ ಬರುವ ಜಾಗದಲ್ಲಿ ಪೇಪರ್ ಪ್ಲಾಸ್ಟರ್ ಹಾಕಿದೆವು. ತುದಿ ತೊಟ್ಟಿಗಿಂತ ಕೂದಲೆಳೆಯಷ್ಟು ಮುಂದೆ, ಅದಕ್ಕಿಂತ ಜಾಸ್ತಿ ಬಂದರೆ ಮಗು ಟ್ಯೂಬನ್ನೇ ಸ್ಟ್ರಾ ತರ ಚೀಪಲು ಕಲಿಯುತ್ತದೆ. ಚೂಡಿದಾರ ಹಾಕಿದ ದಿನ ಇದೆಲ್ಲ ಕಷ್ಟ. ಸೀರೆ, ಮುಂದೆ ಹುಕ್ ಇರುವ ರವಿಕೆ, ಇದಕ್ಕಿಂತ ಒಳ್ಳೆಯ ಉಡುಪು ಈ ಕೆಲಸಕ್ಕೆ ನಾನು ಕಂಡಿಲ್ಲ. ಹಾಲೂಡಿಸುವವರಿಗೆಂದೇ ಮಾರುವ ಮುಸುಕುಗಳನ್ನೂ ತಂದು ನೋಡಿದರು. ಮಗು ಒಂದೇ ನಿಮಿಷದಲ್ಲಿ ಕಿತ್ತೆಸೆಯಿತು.

ಹೊರಗೆ ಹೋಗುವಾಗ ಫ್ಲಾಸ್ಕಿನಲ್ಲಿ ಕುದಿಸಿದ ನೀರು, ಡಬ್ಬಿಯಲ್ಲಿ ಅಳತೆಯ ಪೌಡರ್. ಕಲಸಿಟ್ಟುಕೊಂಡು ಹೋಗಬಾರದು. 70 ಡಿಗ್ರಿಗಿಂತ ಕಮ್ಮಿ ಇಲ್ಲದ ನೀರಿನಲ್ಲಿ ಕಲಸಿ, ಆರಿಸಿ, ಎರಡು ಗಂಟೆಯೊಳಗೆ ಮುಗಿಸಬೇಕು. ಕುಡಿಸಿದ ಕೂಡಲೇ ಸಿರಿಂಜಿನಿಂದ ಟ್ಯೂಬಿಗೆ ನೀರು ಹಾಯಿಸಬೇಕು, ಒಣಗಿದರೆ ಮತ್ತೆ ಬಿಡುವುದಿಲ್ಲ. ಟ್ಯೂಬ್ ಅಗ್ಗ, ಆಗಾಗ ಹೊಸದು ಹಾಕುವುದರಲ್ಲಿ ಜಿಪುಣತನ ಬೇಡ ಅಂತ ಗಂಡನಿಗೆ ಹೇಳಿದ್ದೆ. ಅವರು ಮೆಡಿಕಲ್ ಶಾಪಿನಿಂದ ಒಂದು ಕಟ್ಟನ್ನೇ ತಂದಿಟ್ಟರು.

ಲಸಿಕೆ ದಿನದ ಅರ್ಧ ಗಂಟೆ

ಹೊರಗೆ ಕುಡಿಸುವ ಯೋಚನೆ ಬಂದಾಗಲೆಲ್ಲ ಅವರನ್ನು ಕಾಡುತ್ತಿದ್ದದ್ದು ಎದೆ ಕಾಣುತ್ತದೆ ಅನ್ನುವ ನಾಚಿಕೆಯಲ್ಲ. ನಮ್ಮ ಬಸ್ ಸ್ಟ್ಯಾಂಡು, ಸಂತೆ, ಜಾತ್ರೆಗಳಲ್ಲಿ ಸೆರಗು ಮರೆ ಮಾಡಿ ಕುಡಿಸುವ ತಾಯಂದಿರನ್ನು ಯಾರು ತಿರುಗಿ ನೋಡುತ್ತಾರೆ? ಅವರ ಭಯ ಟ್ಯೂಬಿನದ್ದು. "ಪೈಪ್ ನೋಡಿದ ಕೂಡ್ಲೇ ದತ್ತು ಮಗು ಅಂತ ಗೊತ್ತಾಗಲ್ವಾ ಮೇಡಂ? ಹೇಳೋದೋ ಬಿಡೋದೋ ನನ್ನ ಕೈಯಲ್ಲಿ ಇರಬೇಕಲ್ವಾ?" ಅದರ ಮೇಲೆ ಇನ್ನೊಂದು. ಜಿಲ್ಲಾಧಿಕಾರಿಯ ದತ್ತು ಆದೇಶ ಇನ್ನೂ ಕೈಗೆ ಬಂದಿರಲಿಲ್ಲ. 2022ರ ಸೆಪ್ಟೆಂಬರಿನಿಂದ ಈ ಆದೇಶ ಕೊಡುವುದು ಕೋರ್ಟಲ್ಲ, ಡಿಸಿ. ಅಲ್ಲಿಯವರೆಗೆ ಮಗು ಅವರ ಮನೆಯಲ್ಲಿದ್ದದ್ದು ದತ್ತುಪೂರ್ವ ಪಾಲನೆಯ ಕಾಗದದ ಮೇಲೆ.

ಈ ನಡುವೆ ಅವರು ಎಲ್ಲೋ ಒಂದು ತೀರ್ಪಿನ ಸುದ್ದಿ ಓದಿಕೊಂಡು ಗಾಬರಿಯಾಗಿ ಬಂದರು. 2021ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್, ಎದೆಹಾಲೂಡಿಸುವುದು ತಾಯಿಯ ಹಕ್ಕು, ಸಂವಿಧಾನದ 21ನೇ ವಿಧಿಯ ರಕ್ಷಣೆ ಅದಕ್ಕಿದೆ ಎಂದಿದ್ದರು. ಹಾಲೂಡಿಸುವವರ ಪರವಾಗಿ ಎಲ್ಲರೂ ಎತ್ತಿ ಹೇಳುವ ತೀರ್ಪು. ಆದರೆ ಆ ಮೊಕದ್ದಮೆ ನಡೆದದ್ದೇ ಹೆತ್ತ ತಾಯಿಗೂ ಸಾಕಿದ ತಾಯಿಗೂ ನಡುವೆ. ಬೆಂಗಳೂರಿನ ಆಸ್ಪತ್ರೆಯಿಂದ ಕಳುವಾದ ಕೂಸು, ಗೊತ್ತಿಲ್ಲದೆ ಅದನ್ನು ಸಾಕಿದ್ದ ಕೊಪ್ಪಳದ ಹೆಂಗಸು. ದೇವಕಿ, ಯಶೋದೆಯರ ಮಾತೂ ಬಂದಿತ್ತು. ಮಗು ಹೆತ್ತವಳಿಗೆ ಸೇರಿತು. "ಹಂಗಾದ್ರೆ ನನ್ನ ಹಕ್ಕು?" ಎಂದರು ಇವರು. ಅಲ್ಲಿ ದತ್ತು ಆಗಿಯೇ ಇರಲಿಲ್ಲ, ಕಳ್ಳತನ ಆಗಿತ್ತು. ಬಾಲನ್ಯಾಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಆದೇಶವಾದ ಮೇಲೆ ಮಗು ಎಲ್ಲ ರೀತಿಯಲ್ಲೂ ದತ್ತು ಪಡೆದವರದೇ. ಅವರ ವಕೀಲರೇ ಅದನ್ನು ಬಿಡಿಸಿ ಹೇಳಿದ ಮೇಲೆ ಸಮಾಧಾನವಾಯಿತು. ಆದರೂ ಆದೇಶ ಬರುವ ತನಕ ಹೊರಗೆ ಕುಡಿಸುವುದಿಲ್ಲ ಎಂದು ಕೂತರು.

ಲಸಿಕೆ ಅದಕ್ಕೆ ಕಾಯಲಿಲ್ಲ. ನೆಗಡಿಯಿಂದ ತಡವಾಗಿದ್ದ 14 ವಾರದ ಡೋಸು ಹಾಕಿಸಲೇಬೇಕಿತ್ತು. ಆರೋಗ್ಯ ಕೇಂದ್ರದಲ್ಲಿ ಸೂಜಿ ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಮಗುವಿಗೆ ಏನಾದರೂ ಆಗುತ್ತದಾ ನೋಡಲು. ಒಂದೇ ವೆರಾಂಡ, ಸಾಲಾಗಿ ತಾಯಂದಿರು, ಅಳುವ ಕೂಸುಗಳು. ಚುಚ್ಚಿದ ನೋವಿಗೆ ಎದೆ ಕೊಡುವುದಕ್ಕಿಂತ ಒಳ್ಳೆಯ ಮದ್ದು ಇಲ್ಲ, ಎಲ್ಲರೂ ಅದನ್ನೇ ಮಾಡುತ್ತಿದ್ದಾರೆ. ಮೊದಲೇ ಆಶಾ ಕಾರ್ಯಕರ್ತೆ "ತಾಯಿ ಕಾರ್ಡ್ ಎಲ್ಲಮ್ಮಾ?" ಅಂತ ಕೇಳಿ ಇವರ ಮುಖ ಸಣ್ಣದಾಗಿತ್ತು. ಬಸಿರಾದಾಗ ಕೊಡುವ ಕಾರ್ಡ್ ಅದು, ಇವರ ಬಳಿ ಹೇಗಿರಬೇಕು? ಶಿಶುಗೃಹ ಕೊಟ್ಟ ಲಸಿಕೆ ಚೀಟಿ ತೋರಿಸಿ ಸಂಭಾಳಿಸಿದರು. ಈಗ ಮಗು ಕಿರುಚುತ್ತಿದೆ. ಬಾಟಲಿ ಸೆರಗಿನೊಳಗೆ ಸಿದ್ಧವಾಗಿಯೇ ಇದೆ. ಕೊಟ್ಟರು.

ಪಕ್ಕದಲ್ಲಿ ಸೊಸೆಯ ಜೊತೆ ಬಂದಿದ್ದ ಅಜ್ಜಿ ಬಗ್ಗಿ ನೋಡಿದರು.

"ಯಾಕವ್ವಾ, ಮಗೀಗೆ ಹುಷಾರಿಲ್ವಾ? ಪೈಪ್ ಹಾಕವ್ರಲ್ಲ."

ಇವರಿಗೆ ಒಂದು ಗಳಿಗೆ ಮಾತೇ ಹೊರಡಲಿಲ್ಲವಂತೆ. ಅಜ್ಜಿ ಕಂಡದ್ದು ಕಾಯಿಲೆಯ ಮಗುವನ್ನು. ಆಸ್ಪತ್ರೆಯಲ್ಲಿ ಮೂಗಿಗೆ ಹಾಕುವ ಟ್ಯೂಬ್ ಎಲ್ಲರೂ ನೋಡಿರುತ್ತಾರಲ್ಲ, ಇದೂ ಅದೇ ಟ್ಯೂಬು.

"ಹುಷಾರಾಗೇ ಇದಾಳೆ ಅಜ್ಜಿ. ನಂಗೆ ಹಾಲು ಸಾಲಲ್ಲ. ಪೌಡರ್ ಹಾಲು ಹಿಂಗೆ ಸೇರಿಸಿ ಕೊಡ್ತೀನಿ."

"ಅಯ್ಯೋ, ಅಷ್ಟೇನಾ! ಸಬ್ಬಸಿಗೆ ಸೊಪ್ಪು ತಿಂತಿದ್ಯಾ? ಬೆಳ್ಳುಳ್ಳಿ ಹುರ್ಕೊಂಡು ತಿನ್ನು. ನಮ್ಮ್ ಇವಳಿಗೂ ಮೊದಲನೇದ್ರಲ್ಲಿ ಹಿಂಗೇ ಆಗಿತ್ತು."

ಅಲ್ಲಿಂದ ಮಾತು ಸಬ್ಬಸಿಗೆಯಿಂದ ಮೆಂತ್ಯ, ಮೆಂತ್ಯದಿಂದ ನುಗ್ಗೆ ಸೊಪ್ಪಿಗೆ ಹೋಯಿತು. ಆಚೆ ಕೂತಿದ್ದ ಇನ್ನೊಬ್ಬಳು ಹುಡುಗಿ, ನಂಗೂ ಸಾಲ್ತಿಲ್ಲ, ಈ ಪೈಪ್ ಎಲ್ಲಿ ಸಿಗುತ್ತೆ ಎಂದು ಕೇಳಿದಳು. ಅರ್ಧ ಗಂಟೆ ಕಳೆಯಿತು.

ಮನೆಗೆ ಬಂದು ಇವರು ನನಗೆ ಫೋನ್ ಮಾಡಿದಾಗ ನಾನೂ ಇದನ್ನು ಬೇರೆ ರೀತಿ ನೋಡಲು ಶುರು ಮಾಡಿದೆ. ಹೊರಗಿನವರಿಗೆ ಹೇಳಲು ನಾವು ಏನೇನೋ ಉತ್ತರ ತಯಾರು ಮಾಡಿದ್ದೆವು, ದತ್ತು ಎಂದು ಹೇಳುವ ಉತ್ತರ, ಹೇಳದೆ ಜಾರಿಕೊಳ್ಳುವ ಉತ್ತರ. ಯಾವುದೂ ಬೇಕಾಗಲಿಲ್ಲ. 'ಹಾಲು ಸಾಲಲ್ಲ' ಎನ್ನುವುದು ಸುಳ್ಳಲ್ಲ, ಮರೆಮಾಚುವ ಮಾತೂ ಅಲ್ಲ. ದಿನಕ್ಕೆ 100 ಮಿ.ಲೀ. ಬಂದರೆ ಸಾಲುವುದಿಲ್ಲ, ಅಷ್ಟೇ ನಿಜ. ಈ ಸಾಧನ ಬೇಕಾಗುವವರಲ್ಲಿ ದತ್ತು ತಾಯಂದಿರು ತೀರಾ ಕಮ್ಮಿ. ಅವಧಿಗೆ ಮುಂಚೆ ಹೆತ್ತವರು, ಸ್ತನದ ಆಪರೇಷನ್ ಆದವರು, ಸುಮ್ನೆ ಹಾಲು ಕಮ್ಮಿ ಇರುವವರು, ಎಲ್ಲರಿಗೂ ಇದೇ ಟ್ಯೂಬ್. ಟ್ಯೂಬ್ ನೋಡಿ ಯಾರೂ ದತ್ತು ಎಂದು ಊಹಿಸುವುದಿಲ್ಲ. ಆಮೇಲೆ ಬಂದ ಇಂಥ ತಾಯಂದಿರಿಗೆ ನಾನು ಮೊದಲು ಹೇಳಿಕೊಡುವುದು ಈ ಎರಡು ಶಬ್ದದ ಉತ್ತರ. ದತ್ತು ಸಂಗತಿ ಯಾರಿಗೆ, ಯಾವಾಗ ಹೇಳಬೇಕೆನ್ನುವುದು ಬೇರೆಯೇ ವಿಷಯ. ಹಾಲೂಡಿಕೆಗೂ ಅದಕ್ಕೂ ಗಂಟು ಹಾಕಬಾರದು.

ಬಸ್ ಸ್ಟ್ಯಾಂಡಿನ ಹಾಲುಣಿಸುವ ಕೊಠಡಿಯ ಬಗ್ಗೆಯೂ ಒಂದು ಮಾತು. ಇವರು ಹೋದ ಒಂದು ಕಡೆ ಬೀಗ, ಕೀಲಿ ಯಾರ ಬಳಿಯೋ. ಇನ್ನೊಂದು ಕಡೆ ಬಾಗಿಲು ತೆಗೆದಿತ್ತು, ಒಳಗೆ ಒಂದೇ ಬೆಂಚು. ಪಕ್ಕದಲ್ಲಿ ಕೂತ ತಾಯಿ ಟ್ಯೂಬನ್ನು ನೆಟ್ಟ ನೋಟದಿಂದ ನೋಡಿ, ನಾರ್ಮಲ್ಲೋ ಸಿಸೇರಿಯನ್ನೋ ಎಂದು ಕೇಳಿದಳು. ಬಸ್ಸಿನ ಕಿಟಕಿ ಸೀಟಿನಲ್ಲಿ ಇಂಥ ಪ್ರಶ್ನೆ ಬರುವುದಿಲ್ಲ. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ಜಾಗದಲ್ಲಿ ಎದೆಹಾಲೂಡಿಸುವುದನ್ನು ಕೀಳಾಗಿ ಕಾಣಬಾರದು, ಅದಕ್ಕೆ ಕೊಠಡಿಗಳಿರಬೇಕು ಎಂದು ಹೇಳಿತು. ಆಗಬೇಕಾದದ್ದೇ. ಆದರೆ ಕೊಠಡಿ ಇದ್ದ ಮಾತ್ರಕ್ಕೆ ಅಲ್ಲಿಗೇ ಹೋಗಬೇಕು ಎಂದೇನಿಲ್ಲ. ಇವರಿಗೆ ಕೊನೆಗೂ ಹಿಡಿಸಿದ್ದು ಬಸ್ಸಿನ ಕಿಟಕಿ ಪಕ್ಕ, ಆಚೆ ಸೀಟಿನಲ್ಲಿ ಗಂಡ.

ಛತ್ರದಲ್ಲಿ ಒಳಲೆ

ಗುರುತಿಲ್ಲದವರ ನಡುವೆ ಕೆಲಸ ಮಾಡಿದ ಉತ್ತರ ನೆಂಟರ ನಡುವೆ ಮಾಡುವುದಿಲ್ಲ. ಮಗುವಿಗೆ ಐದೂವರೆ ತಿಂಗಳಾದಾಗ ಗಂಡನ ಕಡೆಯ ಒಂದು ಮದುವೆ. ಛತ್ರದಲ್ಲಿದ್ದ ಎಲ್ಲರಿಗೂ ಗೊತ್ತು, ಇವರಿಗೆ ಬಸಿರೂ ಇಲ್ಲ, ಬಾಣಂತನವೂ ಇಲ್ಲ. ಹಾಲು ಸಾಲಲ್ಲ ಅಂದರೆ, ಎಲ್ಲಿಂದ ಬಂತು ಹಾಲು ಅನ್ನುವುದೇ ಮುಂದಿನ ಪ್ರಶ್ನೆ. ಮನೆಗೆ ಬಂದಾಗ ದೊಡ್ಡತ್ತೆಯೊಬ್ಬರು ಆಗಲೇ "ಹೆರದೋರಿಗೆ ಹಾಲು ಬರುತ್ತಾ, ಇದೆಲ್ಲ ನಾಟಕ" ಅಂದು ಹೋಗಿದ್ದರು. ಸ್ವಂತ ಅತ್ತೆಗೆ ದತ್ತಿನ ಬಗ್ಗೆ ತಕರಾರಿರಲಿಲ್ಲ, ಮೊಮ್ಮಗಳೆಂದರೆ ಜೀವ. ಅವರ ಚಿಂತೆ ದೃಷ್ಟಿಯದ್ದು. ನಾಲ್ಕು ಜನರ ಮುಂದೆ ಮಗುವಿಗೆ ಪೈಪ್ ಹಾಕಿ ಕೂತರೆ ಬಾಯಿಗೆ ಬಂದಂತೆ ಮಾತಾಡ್ತಾರೆ, ಕಣ್ಣು ಬೀಳುತ್ತೆ ಅಂತ.

ನನ್ನ ವೃತ್ತಿಯ ಕೆಲವರು ಇಂಥಲ್ಲಿ ಧೈರ್ಯವಾಗಿ ಕುಡಿಸಿ, ಸಮಾಜ ಬದಲಾಗಬೇಕು ಅನ್ನುತ್ತಾರೆ. ಬದಲಾಗಲಿ, ಆದರೆ ಅದಕ್ಕೆ ಹೊಸ ತಾಯಿಯೊಬ್ಬಳನ್ನು ಮುಂದೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹಗಲು ಒಳಲೆಯಲ್ಲಿ, ಅಂದರೆ ಕೂಸಿಗೆ ಹಾಲು ಕುಡಿಸುವ ಕೊಕ್ಕಿನ ಬಟ್ಟಲಿನಲ್ಲಿ ಕೊಡಿ, ರಾತ್ರಿ ರೂಮಿನಲ್ಲಿ ಎದೆಗೆ ಹಾಕಿಕೊಳ್ಳಿ ಅಂದೆ. ಎರಡು ದಿನ ಹಗಲು ಟ್ಯೂಬ್ ಇಲ್ಲದಿದ್ದರೆ ಇದ್ದ 100 ಮಿ.ಲೀ. ಬತ್ತಿಹೋಗುವುದಿಲ್ಲ. ಬಾಟಲಿ ಮಾತ್ರ ಬೇಡ ಅಂದೆ, ಮತ್ತೆ ನಿಪ್ಪಲ್ಲಿನ ರುಚಿ ಹತ್ತಿದರೆ ನಮ್ಮ ಕೆಲಸವೆಲ್ಲ ಮೊದಲಿಂದ. ಅತ್ತೆಯ ಪೆಟ್ಟಿಗೆಯಲ್ಲಿ ಒಂದು ಹಳೇ ಬೆಳ್ಳಿ ಒಳಲೆ ಇತ್ತು, ಗಂಡ ಕೂಸಾಗಿದ್ದಾಗಿನದ್ದು. ಅದನ್ನು ಕುದಿಸಿ ತಂದರು. ಛತ್ರದ ನಡುವೆ ಅತ್ತೆಯೇ ತೊಡೆ ಮೇಲೆ ಮೊಮ್ಮಗಳನ್ನು ಹಾಕಿಕೊಂಡು ಒಳಲೆಯಲ್ಲಿ ಕುಡಿಸಿದರು. ಒಬ್ಬರೂ ಏನೂ ಅನ್ನಲಿಲ್ಲ. ದೊಡ್ಡತ್ತೆ ಬಂದು ಒಳಲೆ ಎಷ್ಟು ಹಳೇದು ಎಂದು ವಿಚಾರಿಸಿ ಹೋದರಂತೆ. ರಾತ್ರಿ ರೂಮಿನಲ್ಲಿ ಇಬ್ಬರು ನಾದಿನಿಯರ ಎದುರೇ ಇವರು ಟ್ಯೂಬ್ ಕಟ್ಟಿಕೊಂಡು ಎದೆ ಕೊಟ್ಟರು. ನಾದಿನಿಯರ ಎದುರು ಪರವಾಗಿಲ್ಲ ಅನ್ನಿಸಿದ್ದು ಯಾಕೆ, ದೊಡ್ಡತ್ತೆಯ ಎದುರು ಯಾಕಿಲ್ಲ ಎಂದು ನಾನು ಕೇಳಲಿಲ್ಲ.

ಡಿಸಿ ಆದೇಶ ಮಗುವಿಗೆ ಆರು ತುಂಬಿದ ಮೇಲೆ ಬಂತು. ಅದೇ ತಿಂಗಳು ರಾಗಿ ಸರಿ ಶುರುವಾಯಿತು, ಪೌಡರ್ ಹಾಲಿನ ಲೆಕ್ಕ ಇಳಿಯುತ್ತಾ ಬಂತು. ಎಂಟು ತಿಂಗಳಿಗೆ ಮಗು ರವಿಕೆಯೊಳಗೆ ಕೈಹಾಕಿ ಟ್ಯೂಬ್ ಹುಡುಕಿ ಕೀಳಲು ಕಲಿತಳು. ಆಗ ಟ್ಯೂಬ್ ಬಿಟ್ಟೆವು. ಮಲಗುವಾಗ, ಬಿದ್ದು ಅತ್ತಾಗ ಬರೀ ಎದೆ. ಎಷ್ಟು ಹಾಲು ಬರುತ್ತದೆ ಎಂದು ಅಳೆಯುವುದನ್ನು ಅಷ್ಟರಲ್ಲಿ ಅವರೇ ನಿಲ್ಲಿಸಿದ್ದರು. ತೂಕ ಪಟ್ಟಿಯ ಗೆರೆಯಲ್ಲೇ ಏರುತ್ತಿತ್ತು. ದತ್ತು ಸಂಸ್ಥೆಯಿಂದ ಆರು ತಿಂಗಳಿಗೊಮ್ಮೆ ಬರುವ ಸಮಾಜ ಕಾರ್ಯಕರ್ತೆ ಇದನ್ನೆಲ್ಲ ಕೇಳಿ ವರದಿಯಲ್ಲಿ ಬರೆದುಕೊಂಡರು. ಹೋಗುವಾಗ ಒಂದು ಹಾಳೆ ಮುಂದಿಟ್ಟು, ಬಾಟಲಿ ಮುಚ್ಚಳದ ಎರಡು ತೂತು ಎಲ್ಲೆಲ್ಲಿ ಬರಬೇಕು, ಬರೆದುಕೊಡಿ ಅಂದರು. ಇನ್ನೊಂದು ದಂಪತಿ ಕೇಳುತ್ತಿದ್ದಾರಂತೆ.